ತೊಂಬತ್ತಾರು ಬಾರಿ ಅರ್ಧವಾಗುವ ಸಂಖ್ಯೆ



ನಮ್ಮ ಆಗಮ ಗ್ರಂಥಗಳಲ್ಲಿ ಒಂದು ಸಂಖ್ಯೆಯ ಉಲ್ಲೇಖ ಬರುತ್ತದೆ. ನಮ್ಮ ಪೇಟೆಯ ರೂಢಿಯಂತೆ ಅದನ್ನು ಅಂಕಿಗಳಲ್ಲಿ ಬರೆದರೆ ಹೀಗಾಗುತ್ತದೆ:

79,22,81,62,51,42,64,33,75,93,54,39,50,336

ಇದರಲ್ಲಿ 29 ಸ್ಥಾನಗಳಿವೆ. ದಿಗಂಬರ ಆಮ್ನಾಯದ ಗೊಮ್ಮಟಸಾರ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯೆಂದು ಇದನ್ನು ಹೇಳಿದೆ. ಶ್ವೇತಾಂಬರ ಆಮ್ನಾಯದ ಅನುಯೋಗದ್ವಾರ ಸೂತ್ರದಲ್ಲಿಯೂ ಮನುಷ್ಯರ ಕನಿಷ್ಠ ಸಂಖ್ಯೆಯನ್ನು ನಿರೂಪಿಸುವಾಗ ಇದೇ ರಾಶಿ ಬರುತ್ತದೆ. ಈ ಉತ್ಸವಕ್ಕೆ ಸೇರುವ ನಮ್ಮ ಮನೆತನಗಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ, ಮತ್ತೆ ಕೆಲವರದು ಗುಜರಾತಿ, ಮಾರವಾಡಿ. ಪೂಜೆಯ ಧಾಟಿ ಬೇರೆ, ಪಂಚಾಂಗದ ಪದ್ಧತಿ ಬೇರೆ. ಆದರೆ ಅಂಕಿಗೆ ಭಾಷಾಭೇದವೂ ಇಲ್ಲ, ಆಮ್ನಾಯಭೇದವೂ ಇಲ್ಲ. ಆದುದರಿಂದ ಎಲ್ಲರಿಗೂ ಸಮಾನವಾದ ಈ ಒಂದು ಸಂಖ್ಯೆಯನ್ನು ಮುಂದಿಟ್ಟುಕೊಂಡು, ಎಲ್ಲರಿಗೂ ಸಮಾನವಾದ ಒಂದು ಧರ್ಮಪ್ರಶ್ನೆಯನ್ನು ವಿಚಾರಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಪೂಜ್ಯರು ಹೇಳಿದ ಸಂಖ್ಯೆಯನ್ನು ಶ್ರಾವಕನು ಲೆಕ್ಕ ಹಾಕಿ ಪರೀಕ್ಷಿಸಬಹುದೇ? ಹಾಗೆ ಪರೀಕ್ಷಿಸುವುದು ಶ್ರದ್ಧೆಗೆ ಕುಂದು ತರುವುದೇ? ಇದೇ ಆ ಪ್ರಶ್ನೆ.

ಮೊದಲು ಈ ಸಂಖ್ಯೆಯ ಹುಟ್ಟನ್ನು ನೋಡೋಣ. ಎರಡನ್ನು ಎರಡರಿಂದ ಗುಣಿಸಿದರೆ 4. ಇದು ಮೊದಲನೆಯ ವರ್ಗ. ನಾಲ್ಕನ್ನು ನಾಲ್ಕರಿಂದ ಗುಣಿಸಿದರೆ 16, ಎರಡನೆಯ ವರ್ಗ. ಹದಿನಾರರ ವರ್ಗ 256. ಅದರ ವರ್ಗ 65,536. ಇದನ್ನು ಶಾಸ್ತ್ರದಲ್ಲಿ ಪಣ್ಣಟ್ಠಿ ಎನ್ನುತ್ತಾರೆ. ಪಣ್ಣಟ್ಠಿಯ ವರ್ಗ 4,29,49,67,296. ಇದು ಐದನೆಯ ವರ್ಗ, ಇದರ ಹೆಸರು ಬಾದಾಲ. ಬಾದಾಲದ ವರ್ಗ ಆರನೆಯದು, ಅದರ ಹೆಸರು ಏಕಟ್ಠಿ. ಪಣ್ಣಟ್ಠಿಯೆಂದರೆ 65, ಬಾದಾಲವೆಂದರೆ 42. ಅಂದರೆ ಆಯಾ ಸಂಖ್ಯೆಯ ಮೊದಲ ಅಂಕಿಗಳನ್ನೇ ಹಿಡಿದು ನಮ್ಮ ಹಿರಿಯರು ಹೆಸರಿಟ್ಟಿದ್ದಾರೆ. ಏಕಟ್ಠಿಯನ್ನು ಬಾದಾಲದಿಂದ ಗುಣಿಸಿದರೆ ಮೇಲೆ ಬರೆದ 29 ಸ್ಥಾನಗಳ ಸಂಖ್ಯೆ ದೊರೆಯುತ್ತದೆ. ಬಾದಾಲವನ್ನು ಘನ ಮಾಡಿದರೂ ಅದೇ ದೊರೆಯುತ್ತದೆ.

ಈ ರಾಶಿಯ ಇನ್ನೊಂದು ಲಕ್ಷಣವು ಬಹಳ ಸೊಗಸಾದುದು. ಇದನ್ನು ಅರ್ಧ ಮಾಡುತ್ತ ಹೋದರೆ ಎಲ್ಲಿಯೂ ಬೆಸ ಸಂಖ್ಯೆ ಅಡ್ಡ ಬರುವುದಿಲ್ಲ. ಸರಿಯಾಗಿ 96 ಬಾರಿ ಅರ್ಧ ಮಾಡಿದಾಗ ಕೊನೆಗೆ ಒಂದು ಮಾತ್ರ ಉಳಿಯುತ್ತದೆ. ಈ ಅರ್ಧ ಮಾಡುವ ಎಣಿಕೆಗೆ ಅರ್ಧಚ್ಛೇದವೆಂದು ಹೆಸರು. ಇದು ವ್ಯಾಪಾರಿಗಳಾದ ನಮಗೆ ಅಪರಿಚಿತವಲ್ಲ. ಹಿಂದಿನ ರೂಪಾಯಿಗೆ 16 ಆಣೆ, ಅಂದರೆ ನಾಲ್ಕು ಅರ್ಧಚ್ಛೇದ. 1957ರ ಏಪ್ರಿಲ್‌ನಲ್ಲಿ ದಶಮಾಂಶ ನಾಣ್ಯ ಬರುವ ಮುಂಚೆ ರೂಪಾಯಿಗೆ 64 ಪೈಸೆ, ಅಂದರೆ ಆರು ಅರ್ಧಚ್ಛೇದ. ಸೇರು, ಅಚ್ಚೇರು, ಪಾವು, ಅರೆಪಾವು, ಛಟಾಕು ಎಂದು ತೂಗುತ್ತಿದ್ದವರೆಲ್ಲರೂ ಅರ್ಧಚ್ಛೇದವನ್ನೇ ಮಾಡುತ್ತಿದ್ದರು.

ಎರಡು ಸಂಖ್ಯೆಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳನ್ನು ಕೂಡಿಸಿದರೆ ಸಾಕು. ಏಕಟ್ಠಿಯ ಅರ್ಧಚ್ಛೇದ 64, ಬಾದಾಲದ್ದು 32, ಕೂಡಿದರೆ 96. ಗುಣಾಕಾರವನ್ನು ಕೂಡಿಸುವಿಕೆಗೆ ಇಳಿಸುವ ಈ ನಿಯಮವನ್ನು ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಬಳಸಿದ್ದಾರೆ. ಧವಲೆಯು ಕ್ರಿ.ಶ. 816ರಲ್ಲಿ ಮುಗಿಯಿತೆಂದು ಪಂಡಿತರು ನಿರ್ಣಯಿಸಿದ್ದಾರೆ. ಯುರೋಪಿನಲ್ಲಿ ಜಾನ್ ನೇಪಿಯರ್ ಎಂಬವರು ಇದೇ ಬಗೆಯ ಕೋಷ್ಟಕಗಳನ್ನು ಪ್ರಕಟಿಸಿದ್ದು 1614ರಲ್ಲಿ.

ಇಷ್ಟು ದೊಡ್ಡ ಸಂಖ್ಯೆ ತಾಳೆಗರಿಯಿಂದ ತಾಳೆಗರಿಗೆ ಸಾಗಿ ಬರುವಾಗ ಕೆಡದೆ ಉಳಿದದ್ದು ಹೇಗೆ? ಗೊಮ್ಮಟಸಾರವನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನ ಗುರುಗಳೆಂದು ನಮಗೆಲ್ಲ ತಿಳಿದಿದೆ. ಅವರು ಈ ಸಂಖ್ಯೆಯನ್ನು ಕಟಪಯಾದಿ ಪದ್ಧತಿಯಲ್ಲಿ ಅಕ್ಷರಗಳಾಗಿಸಿ ಒಂದು ಗಾಥೆಯಲ್ಲಿ ಅಡಕ ಮಾಡಿದ್ದಾರೆ. ಆ ಪದ್ಧತಿಯಲ್ಲಿ ತ ಎಂದರೆ 6, ಲ ಎಂದರೆ 3, ನ ಎಂದರೆ ಸೊನ್ನೆ. ಗಾಥೆಯನ್ನು ಬಿಡಿಸಿದರೆ ಅಂಕಿಗಳು ಏಕಸ್ಥಾನದಿಂದ ಆರಂಭವಾಗಿ 6, 3, 3, 0, 5, 9, 3 ಎಂದು ಎಡಕ್ಕೆ ಸಾಗುತ್ತವೆ. ಒಂದು ಅಕ್ಷರ ತಪ್ಪಿದರೆ ಛಂದಸ್ಸೇ ಮುಗ್ಗರಿಸಬಹುದು. 1359ರಲ್ಲಿ ಕೇಶವಣ್ಣನು ಗೊಮ್ಮಟಸಾರಕ್ಕೆ ಕನ್ನಡದಲ್ಲಿಯೇ ವಿಸ್ತಾರವಾದ ವೃತ್ತಿಯನ್ನು ಬರೆದನು.

ಇದಕ್ಕೆ ನಮ್ಮ ಅಂಗಡಿಯ ತಾಳೆಯನ್ನೂ ಹಾಕಿ ನೋಡಬಹುದು. ಒಂಬತ್ತನ್ನು ಕಳೆದು ನೋಡುವ ಕ್ರಮವನ್ನು ಬಲ್ಲವರು ಬಲ್ಲರು. 29 ಅಂಕಿಗಳನ್ನೂ ಕೂಡಿಸಿದರೆ 127. ಒಂದು, ಎರಡು, ಏಳು ಕೂಡಿದರೆ ಹತ್ತು, ಅದರಿಂದ ಒಂದು. ಇತ್ತ ಎರಡನ್ನು ಆರು ಬಾರಿ ಗುಣಿಸಿದರೆ 64. ಆರು, ನಾಲ್ಕು ಕೂಡಿದರೆ ಹತ್ತು, ಅದರಿಂದಲೂ ಒಂದು. ತೊಂಬತ್ತಾರರಲ್ಲಿ ಆರು ಹದಿನಾರು ಸಲ ಸೇರಿದೆ. ಒಂದನ್ನು ಒಂದರಿಂದ ಎಷ್ಟು ಸಲ ಗುಣಿಸಿದರೂ ಒಂದೇ. ಆದುದರಿಂದ ತಾಳೆ ಕೂಡಿತು. ಎರಡು ಅಂಕಿಗಳು ಅದಲುಬದಲಾದರೆ ಈ ತಾಳೆ ಅದನ್ನು ಹಿಡಿಯಲಾರದು ಎಂಬುದನ್ನು ಮರೆಯಬಾರದು. ಪೂರ್ಣ ಸಮಾಧಾನ ಬೇಕಾದವರು ಒಂದು ಮಧ್ಯಾಹ್ನ ಕಾಗದ ಪೆನ್ಸಿಲ್ ಹಿಡಿದು 96 ಬಾರಿ ಅರ್ಧ ಮಾಡಿ ನೋಡಬಹುದು. ಒಂದೇ ಒಂದು ಅಂಕಿ ತಪ್ಪಿದ್ದರೂ ಕೊನೆಗೆ ಒಂದು ಬಂದು ನಿಲ್ಲುವುದಿಲ್ಲ. ಈ ಪರೀಕ್ಷೆಗೆ ಪಾಂಡಿತ್ಯ ಬೇಡ. ನನ್ನಂತೆ ಮೆಟ್ರಿಕ್ ಓದಿದವನಿಗೂ, ಏಳನೆಯ ತರಗತಿಯ ಬಾಲಕಿಗೂ ಇದು ಸಾಧ್ಯ.

ಇಲ್ಲಿ ಒಂದು ಮುಖ್ಯ ವಿಚಾರವಿದೆ. ನಮ್ಮ ಶಾಸ್ತ್ರವು ಸಂಖ್ಯೆಯನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರಾಗಿ ವಿಂಗಡಿಸುತ್ತದೆ. ಜೀವರಾಶಿ ಅನಂತ. ಒಂದು ನಿಗೋದ ಶರೀರದಲ್ಲಿಯೇ ಅನಂತ ಜೀವಗಳಿವೆ ಎನ್ನುತ್ತದೆ ಸಿದ್ಧಾಂತ. ಆದರೆ ಪರ್ಯಾಪ್ತ ಮನುಷ್ಯರು ಸಂಖ್ಯಾತರು, ಎಣಿಕೆಗೆ ಸಿಗುವವರು. 29 ಸ್ಥಾನಗಳ ಸಂಖ್ಯೆಯ ಮುಂದೆ ಸಾಮಾನ್ಯರಾದ ನಾವು ಕೈಮುಗಿದು "ಲೆಕ್ಕವಿಲ್ಲದಷ್ಟು" ಎಂದುಬಿಡುತ್ತೇವೆ. ಆಚಾರ್ಯರು ಹಾಗೆ ಹೇಳಲಿಲ್ಲ. ದೊಡ್ಡದೆಂಬ ಕಾರಣಕ್ಕೆ ಯಾವುದೂ ಅನಂತವಾಗುವುದಿಲ್ಲ. ಎಣಿಕೆಗೆ ಸಿಗುವುದನ್ನು ಎಣಿಸಿಯೇ ಹೇಳಬೇಕು. ಲೆಕ್ಕವಿರುವುದನ್ನು ಲೆಕ್ಕವಿಲ್ಲದ್ದು ಎನ್ನುವುದೂ ಅಸತ್ಯವೇ ಸರಿ.

ಹೀಗೆ ಎಣಿಸಿ ಹೇಳಿದ ಮಾತು ಪರೀಕ್ಷೆಗೆ ತೆರೆದುಕೊಳ್ಳುತ್ತದೆ. "ಬಹಳ ಜನ" ಎಂದವರನ್ನು ಯಾರೂ ತಪ್ಪು ಹಿಡಿಯಲಾರರು. "ಇಷ್ಟೇ ಜನ" ಎಂದವರನ್ನು ಹಿಡಿಯಬಹುದು. ಈ ಸಂಖ್ಯೆಯ ವಿಷಯದಲ್ಲಿ ಅಂಥ ಪರೀಕ್ಷೆ ನಡೆದೇ ಇದೆ, ಮತ್ತು ಅದನ್ನು ನಡೆಸಿದವರು ಹೊರಗಿನವರಲ್ಲ, ಸ್ವತಃ ವೀರಸೇನಾಚಾರ್ಯರು.

ಷಟ್ಖಂಡಾಗಮದ ದ್ರವ್ಯಪ್ರಮಾಣಾನುಗಮದಲ್ಲಿ ಮನುಷ್ಯರ ಸಂಖ್ಯೆಗೆ ಎಲ್ಲೆಗಳನ್ನು ಹೇಳಿದೆ. ಅದು ಆರನೆಯ ವರ್ಗಕ್ಕಿಂತ ಹೆಚ್ಚು, ಏಳನೆಯ ವರ್ಗಕ್ಕಿಂತ ಕಡಿಮೆ. ಹಾಗೆಯೇ ಅದು ಕೋಡಾಕೋಡಾಕೋಡಿಗಿಂತ ಹೆಚ್ಚು, ಕೋಡಾಕೋಡಾಕೋಡಾಕೋಡಿಗಿಂತ ಕಡಿಮೆ. ಕೋಟಿಯನ್ನು ನಾಲ್ಕು ಸಲ ಇಟ್ಟು ಗುಣಿಸಿದರೆ ಒಂದರ ಮುಂದೆ 28 ಸೊನ್ನೆಗಳು ಬರುತ್ತವೆ. ಅದಕ್ಕೂ 29 ಸ್ಥಾನಗಳೇ. ಆದರೆ ಅದರ ಮೊದಲ ಅಂಕಿ ಒಂದು, ನಮ್ಮ ಸಂಖ್ಯೆಯ ಮೊದಲ ಅಂಕಿ ಏಳು. ಅಂದರೆ ನಮ್ಮ ಸಂಖ್ಯೆ ವರ್ಗಗಳ ಎಲ್ಲೆಯೊಳಗೆ ಕೂಡುತ್ತದೆ, ಕೋಟಿಗಳ ಎಲ್ಲೆಯನ್ನು ಮೀರುತ್ತದೆ. ವೀರಸೇನರು ಇದನ್ನು ಗಮನಿಸಿದರು. ಅಷ್ಟಕ್ಕೇ ನಿಲ್ಲದೆ ಮನುಷ್ಯಕ್ಷೇತ್ರದ ವಿಸ್ತೀರ್ಣವನ್ನು ಲೆಕ್ಕ ಹಾಕಿ, ಇಷ್ಟು ಜನ ಆ ಕ್ಷೇತ್ರದಲ್ಲಿ ಹಿಡಿಸಲಾರರು, ಆದಕಾರಣ ಈ ಸಂಖ್ಯೆ ಯುಕ್ತವಲ್ಲ ಎಂದು ನಿರ್ಣಯಿಸಿದರು. ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಹರು ಧವಲೆಯ ಗಣಿತವನ್ನು ಕುರಿತ ತಮ್ಮ ಲೇಖನದಲ್ಲಿ ಈ ಪ್ರಸಂಗವನ್ನು ವಿವರಿಸಿದ್ದಾರೆ.

ಅಂಥ ಲೆಕ್ಕವನ್ನು ನಾವೂ ಸ್ಥೂಲವಾಗಿ ಮಾಡಿ ನೋಡಬಹುದು. ಅಳತೆಗಳೆಲ್ಲ ಶಾಸ್ತ್ರದವೇ ಇರಲಿ. ಅಢಾಯಿ ದ್ವೀಪದ ವ್ಯಾಸ 45 ಲಕ್ಷ ಯೋಜನ. ಅದರ ಪರಿಧಿ 1,42,30,249 ಯೋಜನ. ವ್ಯಾಸದ ನಾಲ್ಕನೆಯ ಒಂದು ಭಾಗದಿಂದ ಪರಿಧಿಯನ್ನು ಗುಣಿಸಿದರೆ ಕ್ಷೇತ್ರಫಲ ಸುಮಾರು 16 ಲಕ್ಷ ಕೋಟಿ ಚದರ ಯೋಜನ. ನಾಲ್ಕು ಮೊಳಕ್ಕೆ ಒಂದು ಧನುಷ್ಯ, ಎರಡು ಸಾವಿರ ಧನುಷ್ಯಕ್ಕೆ ಒಂದು ಕ್ರೋಶ, ನಾಲ್ಕು ಕ್ರೋಶಕ್ಕೆ ಒಂದು ಯೋಜನ. ದ್ವೀಪ ಸಮುದ್ರಗಳನ್ನು ಅಳೆಯುವ ಪ್ರಮಾಣ ಯೋಜನವು ಇದರ ಐನೂರು ಪಟ್ಟು, ಅಂದರೆ 1 ಕೋಟಿ 60 ಲಕ್ಷ ಮೊಳ. ಈ ದೊಡ್ಡ ಯೋಜನವನ್ನೇ ಹಿಡಿದು, ಲವಣ ಸಮುದ್ರ, ಕಾಲೋದಧಿ, ಪರ್ವತ, ನದಿಗಳನ್ನೂ ನೆಲವೆಂದೇ ಎಣಿಸಿ ಭಾಗಿಸಿದರೂ ಒಂದು ಚದರ ಮೊಳಕ್ಕೆ 19 ಜನಕ್ಕಿಂತ ಹೆಚ್ಚು ಬರುತ್ತಾರೆ. ಒಂದು ಮಣೆಯಷ್ಟು ಜಾಗದಲ್ಲಿ ಹತ್ತೊಂಬತ್ತು ಜನ ನಿಲ್ಲುವುದು ಹೇಗೆ?

ವೀರಸೇನರ ಶ್ರದ್ಧೆಯನ್ನು ಸಂಶಯಿಸುವವರು ನಮ್ಮಲ್ಲಿ ಯಾರಾದರೂ ಉಂಟೇ? ಜಿನವಾಣಿಯ ಸೇವೆಗಾಗಿಯೇ ಎಪ್ಪತ್ತೆರಡು ಸಾವಿರ ಶ್ಲೋಕ ಪ್ರಮಾಣದ ಟೀಕೆಯನ್ನು ರಚಿಸಿದ ಮಹನೀಯರು ಅವರು. ಅವರು ಪರೀಕ್ಷಿಸಿದ್ದು ಅಶ್ರದ್ಧೆಯಿಂದಲ್ಲ. ಸರ್ವಜ್ಞನ ವಾಣಿಯಲ್ಲಿ ವಿರೋಧವಿರಲಾರದು ಎಂಬ ದೃಢ ಶ್ರದ್ಧೆ ಅವರಿಗಿತ್ತು. ಆದುದರಿಂದಲೇ ಎರಡು ಮಾತುಗಳು ಒಂದಕ್ಕೊಂದು ಕೂಡದಿದ್ದಾಗ ಕಣ್ಣು ಮುಚ್ಚಿ ಮುಂದೆ ಹೋಗಲು ಅವರಿಂದಾಗಲಿಲ್ಲ. ಪರೀಕ್ಷೆಗೆ ಹೆದರುವುದು ನಂಬಿಕೆಯ ಲಕ್ಷಣವಲ್ಲ, ನಂಬಿಕೆ ಸಡಿಲವಾಗಿರುವುದರ ಲಕ್ಷಣ.

ಹಾಗಾದರೆ ವೀರಸೇನರ ತರುವಾಯ ಬಂದ ನೇಮಿಚಂದ್ರರು ಅದೇ ಸಂಖ್ಯೆಯನ್ನು ಮತ್ತೆ ಹೇಳಿದರಲ್ಲ ಎಂದು ಕೇಳಬಹುದು. ಇಲ್ಲಿ ಇಬ್ಬರೂ ನಮಗೆ ಪೂಜ್ಯರು. ಶ್ರುತಪಂಚಮಿಯಂದು ಇಬ್ಬರ ಗ್ರಂಥಗಳನ್ನೂ ಒಂದೇ ಪೀಠದ ಮೇಲಿಟ್ಟು ಪೂಜಿಸುತ್ತೇವೆ. ನನ್ನ ಅಲ್ಪಮತಿಗೆ ತೋರುವುದಿಷ್ಟು. ಪೇಢಿಯಲ್ಲಿ ಎರಡು ಬಗೆಯ ಪ್ರಾಮಾಣಿಕರು ಬೇಕು. ಕೀರ್ದಿಯಲ್ಲಿದ್ದುದನ್ನು ಒಂದು ಅಂಕಿಯೂ ಕೆಡದಂತೆ ಖಾತೆಗೆ ಏರಿಸುವವನೊಬ್ಬ. ಸಂಜೆ ಕುಳಿತು ಶಿಲ್ಕು ತಾಳೆ ನೋಡಿ ಕೂಡದಿದ್ದರೆ ಕೂಡಲಿಲ್ಲವೆಂದು ಹೇಳುವವನೊಬ್ಬ. ಮೊದಲನೆಯವನಿಲ್ಲದಿದ್ದರೆ ಲೆಕ್ಕವೇ ಉಳಿಯುವುದಿಲ್ಲ. ಎರಡನೆಯವನಿಲ್ಲದಿದ್ದರೆ ಉಳಿದ ಲೆಕ್ಕಕ್ಕೆ ಬೆಲೆಯಿಲ್ಲ. ಪರಂಪರೆಯನ್ನು ಶುದ್ಧವಾಗಿ ದಾಟಿಸುವುದೂ ಧರ್ಮ, ದಾಟಿ ಬಂದುದನ್ನು ತೂಗಿ ನೋಡುವುದೂ ಧರ್ಮ. ಆದರೆ ಅನೇಕಾಂತದ ಹೆಸರಿನಲ್ಲಿ ಎರಡೂ ಲೆಕ್ಕಗಳು ಸರಿಯೆಂದು ಹೇಳಿ ಜಾರಿಕೊಳ್ಳಬಾರದು. ಅನೇಕಾಂತವು ವಸ್ತುವನ್ನು ಹಲವು ಕಡೆಯಿಂದ ನೋಡಲು ಕಲಿಸುತ್ತದೆಯೇ ಹೊರತು, ಕೂಡದ ಲೆಕ್ಕವನ್ನು ಕೂಡಿತೆನ್ನಲು ಕಲಿಸುವುದಿಲ್ಲ. ನಿರ್ಣಯವಾಗದ ಕಡೆ ವೀರಸೇನರು ದಕ್ಷಿಣ ಪ್ರತಿಪತ್ತಿ, ಉತ್ತರ ಪ್ರತಿಪತ್ತಿ ಎಂದು ಎರಡು ಮತಗಳನ್ನೂ ದಾಖಲಿಸಿ ಬಿಟ್ಟಿದ್ದಾರೆ. ಲೆಕ್ಕದಿಂದ ನಿರ್ಣಯವಾಗುವ ಕಡೆ ನಿರ್ಣಯಿಸಿದ್ದಾರೆ.

ಈ ಸ್ವಾತಂತ್ರ್ಯದ ದಾಖಲೆಯನ್ನು ಶತಮಾನಗಳ ಕಾಲ ಕಾಪಾಡಿದ್ದು ಮೂಡಬಿದಿರೆಯ ಸಿದ್ಧಾಂತ ಬಸದಿ. ಧವಲೆಯ ಪ್ರಾಚೀನ ತಾಡವೋಲೆಗಳ ಲಿಪಿ ಹಳಗನ್ನಡ. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಅದು ಮುದ್ರಣವನ್ನು ಕಂಡಿತು. ನಮ್ಮ ನೆರೆಯ ಸೋಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಅದನ್ನು ಮತ್ತೆ ಮುದ್ರಿಸಿದೆ. ಪ್ರಾಕೃತ-ಸಂಸ್ಕೃತದ ಗ್ರಂಥ, ಕನ್ನಡದ ಲಿಪಿ, ಹಿಂದಿಯ ಅನುವಾದ, ಮರಾಠಿ ನಾಡಿನ ಮುದ್ರಣ. ಗಡಿನಾಡಿನವರಾದ ನಮಗೆ ಇದಕ್ಕಿಂತ ಹತ್ತಿರದ ಆಸ್ತಿ ಯಾವುದು?

ಈಗ ಮಕ್ಕಳ ವಿಷಯ. ಶಾಲೆಯಲ್ಲಿ ಓದುವ ನಮ್ಮ ಮಕ್ಕಳು ಕೇಳಿಯೇ ಕೇಳುತ್ತಾರೆ. ವಿಶ್ವಸಂಸ್ಥೆಯ ಎಣಿಕೆಯಂತೆ 2022ರ ನವೆಂಬರಿನಲ್ಲಿ ಜಗತ್ತಿನ ಜನಸಂಖ್ಯೆ 800 ಕೋಟಿ ಮುಟ್ಟಿತು. ಒಂದನ್ನು 33 ಬಾರಿ ಇಮ್ಮಡಿಸಿದರೆ ಸುಮಾರು 859 ಕೋಟಿ. ಇಂದಿನ ಜನಸಂಖ್ಯೆ ಅಷ್ಟಕ್ಕೂ ಮುಟ್ಟಿಲ್ಲ. ತೊಂಬತ್ತಾರು ಎಲ್ಲಿ, ಮೂವತ್ಮೂರು ಎಲ್ಲಿ? "ಅಜ್ಜಾ, ಹಾಗಾದರೆ ಪುಸ್ತಕ ಸುಳ್ಳೇ?" ಎಂದು ಮೊಮ್ಮಗ ಕೇಳಿದಾಗ ನಾವು ಎರಡು ತಪ್ಪು ದಾರಿಗಳನ್ನು ಹಿಡಿಯಬಹುದು. "ಹಾಗೆ ಕೇಳಿದರೆ ಪಾಪ ಬರುತ್ತದೆ" ಎಂದು ಗದರುವುದು ಒಂದು. ಇಂದಿನ ಭೂಗೋಲಕ್ಕೂ ಶಾಸ್ತ್ರದ ಲೋಕವರ್ಣನೆಗೂ ಬಲವಂತದಿಂದ ಗಂಟು ಹಾಕಿ ಏನೋ ಒಂದು ಉತ್ತರ ಕಟ್ಟುವುದು ಇನ್ನೊಂದು. ಶಾಸ್ತ್ರವು ಹೇಳುವುದು ಅಢಾಯಿ ದ್ವೀಪದ ಮನುಷ್ಯರನ್ನು, ಜನಗಣತಿ ಹೇಳುವುದು ನಾವು ಕಂಡ ಈ ಭೂಮಿಯ ಮನುಷ್ಯರನ್ನು ಎಂದು ಮೊದಲು ತಿಳಿಸಬೇಕು. ಬಳಿಕ, ಮಗೂ, ಈ ಪ್ರಶ್ನೆಯನ್ನು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ನಮ್ಮ ಆಚಾರ್ಯರೊಬ್ಬರು ಶಾಸ್ತ್ರದ ಅಳತೆಯಿಂದಲೇ ಕೇಳಿದ್ದಾರೆ, ನೀನೂ ಕೇಳು ಎಂದು ಹೇಳಬೇಕು. ಪ್ರಶ್ನೆಗೆ ಬಸದಿಯಲ್ಲಿ ಜಾಗವಿದೆಯೆಂದು ತಿಳಿದ ಮಗು ದೊಡ್ಡವನಾದ ಮೇಲೂ ಬಸದಿಗೆ ಬರುತ್ತದೆ. ಗದರಿಸಿಕೊಂಡ ಮಗು ಪ್ರಶ್ನೆಯನ್ನು ಬಿಡುವುದಿಲ್ಲ, ಬಸದಿಯನ್ನು ಬಿಡುತ್ತದೆ.

ಹೆಮ್ಮೆಯಲ್ಲಿಯೂ ಸತ್ಯವಿರಬೇಕು. ಅಂತರಜಾಲದ ಹಳೆಯ ಪದ್ಧತಿಯಲ್ಲಿ ಆಗಬಹುದಾದ ವಿಳಾಸಗಳ ಒಟ್ಟು ಸಂಖ್ಯೆ ಸರಿಯಾಗಿ ಒಂದು ಬಾದಾಲ. ಹೊಸ ಪದ್ಧತಿಯದು ಏಳನೆಯ ವರ್ಗ. ಇದನ್ನು ಕೇಳಿ ಸಂತೋಷಪಡೋಣ. ಆದರೆ ನಮ್ಮ ಹಿರಿಯರು ಕಂಪ್ಯೂಟರನ್ನು ಬಲ್ಲವರಾಗಿದ್ದರು ಎಂದು ವೇದಿಕೆಯ ಮೇಲೆ ಹೇಳುವುದು ಬೇಡ. ಎರಡನ್ನು ಇಮ್ಮಡಿಸುತ್ತ ಹೋದವರೆಲ್ಲರೂ ಅದೇ ಮೆಟ್ಟಿಲುಗಳನ್ನು ಹತ್ತುತ್ತಾರೆ, ಅಷ್ಟೇ. ಹಿರಿಯರು ಮಾಡಿದ್ದೇ ಸಾಕಷ್ಟು ದೊಡ್ಡದಿದೆ, ಮಾಡದ್ದನ್ನು ಅದಕ್ಕೆ ಸೇರಿಸಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಚಿಕ್ಕ ಸಂಖ್ಯೆಗಳ ಮಾತು. ಉತ್ಸವದಲ್ಲಿ ಕಲಶಾಭಿಷೇಕಕ್ಕೆ, ಆರತಿಗೆ, ರಥಕ್ಕೆ ಸವಾಲು ಕೂಗುತ್ತೇವೆ. ಗುಜರಾತಿ, ಮಾರವಾಡಿ ಬಂಧುಗಳು ಅದನ್ನು ಬೋಲಿ ಎನ್ನುತ್ತಾರೆ. ಧ್ವನಿವರ್ಧಕದಲ್ಲಿ ಕೇಳಿಬರುವ ಸಂಖ್ಯೆ ಒಂದು, ವರ್ಷ ಕಳೆದ ಮೇಲೆ ಖಾತೆಗೆ ಜಮೆಯಾದ ಸಂಖ್ಯೆ ಮತ್ತೊಂದು ಆಗುವುದುಂಟು. ಐದು ಸಾವಿರ ಜನ ಸೇರಿದ ಮೆರವಣಿಗೆಯನ್ನು ವರದಿಯಲ್ಲಿ ಇಪ್ಪತ್ತು ಸಾವಿರವೆಂದು ಬರೆಸುವುದುಂಟು. ಧರ್ಮಪ್ರಭಾವನೆಗಾಗಿ ಎಂಬ ಸಮಾಧಾನ ಬೇರೆ. ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಎಣಿಸಿದೆ. ಸುಳ್ಳು ಬರಹ ಮತ್ತು ಹೆಚ್ಚುಕಡಿಮೆಯ ತೂಕ ಅಳತೆ. ಎರಡೂ ಅಂಕಿಯ ಪಾಪಗಳೇ. ಅಂಗಡಿಯ ತಕ್ಕಡಿಗೆ ಈ ವ್ರತ ಅನ್ವಯಿಸುತ್ತದೆ, ದೇವಸ್ಥಾನದ ಲೆಕ್ಕಪುಸ್ತಕಕ್ಕೆ ಅನ್ವಯಿಸುವುದಿಲ್ಲ ಎಂದು ಯಾವ ಗ್ರಂಥದಲ್ಲಿಯೂ ಬರೆದಿಲ್ಲ. ವಿಶ್ವಸ್ತ ಮಂಡಳಿಯವರಾದ ನಮ್ಮ ಮೇಲೆ ಈ ಭಾರ ಮೊದಲು. ಸವಾಲು ಕೂಗಿದವರ ಮೇಲೆ ಆಮೇಲೆ. ಲೆಕ್ಕಪತ್ರವನ್ನು ತೋರಿಸಿರೆಂದು ಕೇಳುವ ಶ್ರಾವಕನು ಮಂಡಳಿಗೆ ಅಗೌರವ ತೋರಿದಂತಲ್ಲ. ಅವನು ವೀರಸೇನರ ದಾರಿಯಲ್ಲಿ ನಡೆದಂತೆ.

ಹೇಳಿದ ಸಂಖ್ಯೆ ಚಿಕ್ಕದಾಗಿರಲಿ, 29 ಸ್ಥಾನಗಳದ್ದಾಗಿರಲಿ, ಯಾರು ಬೇಕಾದರೂ ಅರ್ಧ ಮಾಡುತ್ತ ಹೋಗಿ ಕೊನೆಗೆ ಒಂದು ಉಳಿಯಿತೇ ಎಂದು ನೋಡುವಂತಿರಬೇಕು. ಅಂಥ ಸಂಖ್ಯೆಯನ್ನು ಹೇಳುವ ಧೈರ್ಯವೂ, ಪರೀಕ್ಷಿಸುವವರನ್ನು ಆದರಿಸುವ ದೊಡ್ಡತನವೂ ನಮ್ಮ ಸಮಾಜಕ್ಕೆ ಲಭಿಸಲೆಂದು ಶ್ರೀ ಜಿನೇಶ್ವರರ ಚರಣಗಳಲ್ಲಿ ಪ್ರಾರ್ಥಿಸುತ್ತೇನೆ.

ಜೈನಂ ಜಯತು ಶಾಸನಂ.